ಮಾವನ ಮೋಟಾರು ಹಿಡಿದ ದಾರಿ

ದೆವ್ವ, ಗಾಳಿ, ಶಕುನಗಳ ಮಾತು ಬಂದರೆ ನಗುವವರಲ್ಲಿ ನಾನೂ ಒಬ್ಬನಾಗಿದ್ದೆ. ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ರಜೆಯಲ್ಲಿ ಮಹಾಕೂಟಕ್ಕೆ ಹೋದಾಗ ಜೊತೆಯ ಮಾಸ್ತರರು ಹೊಂಡದ ದಂಡೆಯ ಮೇಲೆ ಕುಳಿತು ತಾವು ಕಂಡ, ಕೇಳಿದ ವಿಚಿತ್ರಗಳನ್ನು ಹೇಳುತ್ತಿದ್ದರೆ, ಒಂದೊಂದಕ್ಕೂ ಕಾರಣ ಕೊಟ್ಟು ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನಗೊಂದು ಚಟ. ಈಗ ನಾನು ಬರೆಯುತ್ತಿರುವುದಕ್ಕೆ ನೀವೂ ಹಾಗೆಯೇ ಕಾರಣ ಹುಡುಕಿದರೆ ನನಗೆ ಬೇಸರವಿಲ್ಲ. ನಾನೇ ಎಷ್ಟೋ ವರ್ಷ ಹುಡುಕಿದ್ದೇನೆ.

ಐವತ್ತರ ದಶಕದ ಮಾತು. ನಮ್ಮ ಭಾಗ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ನನ್ನ ಸೋದರಮಾವ ಇಲಕಲ್ಲಿನಲ್ಲಿ ಡಾಕ್ಟರಾಗಿದ್ದವರು. ಊರಿಗೆ ಮೋಟಾರು ಬಂದದ್ದೇ ಅಪರೂಪವಾಗಿದ್ದ ಕಾಲದಲ್ಲಿ ಒಂದು ವಿಲಾಯತಿ ಮೋಟಾರು ಕೊಂಡಿದ್ದರು. ಕಪ್ಪು ಬಣ್ಣ, ಕ್ಯಾನ್‌ವಾಸಿನ ಮೇಲ್ಹೊದಿಕೆ, ಬದಿಯಲ್ಲಿ ರಬ್ಬರು ಬುರುಡೆ ಹಿಚುಕಿ ಊದಿಸುವ ಹಿತ್ತಾಳೆಯ ಹಾರ್ನು. ಹಳ್ಳಿಗಳಿಂದ ಕರೆ ಬಂದರೆ ಅದರಲ್ಲೇ ಹೋಗುತ್ತಿದ್ದರು. ನಾನು ಹುಡುಗನಾಗಿದ್ದಾಗ ಒಂದು ಮಳೆಗಾಲದ ಸಂಜೆ ಯಾರೋ ಬಂದು ಕರೆದರಂತೆ. ಮಾವ ಕೋಟು ತೊಟ್ಟು, ಚೀಲ ಒಳಗಿಟ್ಟು, ಹ್ಯಾಂಡಲು ಹೊಡೆದು ಎಂಜಿನು ಚಾಲೂ ಮಾಡಿ ಬಂದು ಸ್ಟಿಯರಿಂಗ್ ಚಕ್ರದ ಮುಂದೆ ಕುಳಿತರು. ಎಷ್ಟು ಹೊತ್ತಾದರೂ ಗಾಡಿ ಅಂಗಳ ಬಿಡದ್ದನ್ನು ಕಂಡು ಅತ್ತೆ ಹೊರಗೆ ಬಂದು ನೋಡಿದರೆ ಮಾವ ಚಕ್ರದ ಮೇಲೆ ಬಾಗಿದ್ದರು. ಜೀವ ಹೋಗಿತ್ತು. ಎಂಜಿನು ಇನ್ನೂ ಓಡುತ್ತಿತ್ತು.

ಯಾರು ಕರೆಯಲು ಬಂದಿದ್ದರು, ಯಾವ ಊರಿನಿಂದ ಬಂದಿದ್ದರು, ಅತ್ತೆಗೆ ತಿಳಿಯಲಿಲ್ಲ. ಬಂದವನು ಬಾಗಿಲಲ್ಲೇ ಮಾವನೊಂದಿಗೆ ಮಾತಾಡಿ ಹೊರಟುಹೋಗಿದ್ದ. ಆಮೇಲೆ ಅವರಿವರನ್ನು ಕೇಳಿದರೂ ಗೊತ್ತಾಗಲಿಲ್ಲ. ಓಣಿಯವರು ಗಾಡಿಯನ್ನು ಹಿತ್ತಲಿನ ಷೆಡ್ಡಿಗೆ ನೂಕಿ ಬಾಗಿಲು ಹಾಕಿದರು. ಅತ್ತೆಗೆ ಮಕ್ಕಳಿರಲಿಲ್ಲ. ಅವರು ಮಗ್ಗ ಹೂಡಿಸಿದರು, ಸೀರೆ ನೇಯಿಸಿ ಮಾರಿದರು, ಯಾರ ಹಂಗಿಗೂ ಬೀಳದೆ ಬದುಕಿದರು. ಆದರೆ ಒಂದು ಮಾತು ಅವರನ್ನು ಬಿಡಲಿಲ್ಲ. ಆಗಾಗ ಅನ್ನುತ್ತಿದ್ದರು: "ಎಲ್ಲ್ಯೋ ಯಾವುದೋ ಮನಿಯಾಗ ಆ ರಾತ್ರಿ ಇವರ ದಾರಿ ಕಾಯ್ಕೋತ ಕುಂತಿರ್ತಾರ ನೋಡು. ಡಾಕ್ಟರ್ ಬರ್ತೇನಂತ ಹೇಳಿ ಬರಲಿಲ್ಲ ಅಂದುಕೊಂಡಿರ್ತಾರ."

ಹೊಸ ಮಗ್ಗಗಳಿಗೆ ಜಾಗ ಬೇಕಾದಾಗ ಷೆಡ್ಡು ಖಾಲಿ ಮಾಡಲೇಬೇಕಾಯಿತು. ಗಾಡಿ ಮಾರುವ ಕೆಲಸ ನನಗೆ ಬಂತು. ಬಾಗಿಲು ತೆಗೆದ ದಿನ ನಾನು ಕಂಡದ್ದು ಗಾಡಿಯಲ್ಲ, ಗಾಡಿಯ ಆಕಾರದ ಧೂಳು. ಟಯರುಗಳು ಸೀಳಿ ಹೋಗಿದ್ದವು. ಸೀಟಿನ ಒಳಗೆ ಇಲಿಗಳು ಸಂಸಾರ ಹೂಡಿದ್ದವು. ಹಾರ್ನಿನ ರಬ್ಬರು ಮುಟ್ಟಿದರೆ ಪುಡಿಯಾಗಿ ಉದುರಿತು. ತಗಡು ಮತ್ತು ಎಂಜಿನು ಮಾತ್ರ ಗಟ್ಟಿಯಾಗಿದ್ದವು.

ಕೊಳ್ಳಲು ಮೊದಲು ಬಂದವನು ಗುಜರಿಯವನು. ಬಾವಿಯ ನೀರೆತ್ತಲು ಎಂಜಿನು ಒಂದೇ ಸಾಕೆಂದು ಇನ್ನೊಬ್ಬ ಬಂದ. ದೀಪಗಳನ್ನು ಬಿಚ್ಚಿಕೊಡಿರೆಂದು ನಾಟಕದ ಕಂಪನಿಯವನೊಬ್ಬ ಬಂದ. ಅತ್ತೆ ಮೂವರನ್ನೂ ವಾಪಸು ಕಳಿಸಿದರು.

"ಮುರಿಯಾಕ ಯಾರಿಗೂ ಕೊಡಂಗಿಲ್ಲ," ಎಂದರು. "ಓಡಸಾವ್ರು ಬಂದ್ರ ಅಷ್ಟ ಕೊಡೂದು. ಏನೇನು ಕೆಟ್ಟೈತಿ ಎಲ್ಲಾ ಹೇಳಿ ಕೊಡು. ಮುಚ್ಚಿಡಬ್ಯಾಡ."

ಹಾಗೆ ಸಿಕ್ಕವರು ವಾಮನರಾಯರು. ಬಾಗಲಕೋಟೆಯ ಹತ್ತಿಯ ಗಿರಣಿಯೊಂದರಲ್ಲಿ ಎಂಜಿನಿಯರು. ಹಳೆಯ ಯಂತ್ರಗಳನ್ನು ಬಿಚ್ಚಿ, ತೊಳೆದು, ಮತ್ತೆ ಓಡಿಸುವುದೇ ಅವರ ಹವ್ಯಾಸ. ಕೆಟ್ಟದ್ದನ್ನೆಲ್ಲ ನಾನು ಒಂದೊಂದಾಗಿ ಹೇಳುತ್ತ ಹೋದಂತೆ ಅವರ ಮುಖ ಅರಳುತ್ತಿತ್ತು. ಅಂಗಿಯ ತೋಳು ಮಡಚಿ ಗಾಡಿಯ ಕೆಳಗೆ ನುಸುಳಿ ಎಲ್ಲ ನೋಡಿದರು. ಚಕ್ರ ತಿರುಗಿಸಿ, ಮುಂದಿನ ಗಾಲಿಗಳು ಸಲೀಸಾಗಿ ಹೊರಳುತ್ತವೆ ಎಂಬುದನ್ನು ಖಾತರಿ ಮಾಡಿಕೊಂಡರು. ಕೀಲುಗಳಿಗೆ ಗ್ರೀಸು ತುಂಬಿದರು. ಟಯರುಗಳ ಒಳಗೆ ಹುಲ್ಲು ಗಿಡಿದು ಮೇಲೆ ಹಗ್ಗ ಬಿಗಿದೆವು. ಹಾರ್ನನ್ನು ಅವರೇ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಇಟ್ಟರು. ಯಮನಪ್ಪ ಎಂಬ ರೈತನ ಎತ್ತುಗಳನ್ನು ಹೂಡಿ, ಹುನಗುಂದ, ಅಮೀನಗಡದ ಮೇಲೆ ಬಾಗಲಕೋಟೆಗೆ ಎಳೆದುಕೊಂಡು ಹೋಗುವುದೆಂದಾಯಿತು.

ಗಾಡಿ ಅಂಗಳ ದಾಟುವಾಗ ಅತ್ತೆ ಹೊರಗೆ ಬರಲಿಲ್ಲ. ಒಳಗೆ ಮಗ್ಗದ ಸದ್ದು ಮಾತ್ರ ನಿಂತಿತ್ತು.

ಚಕ್ರ ಹಿಡಿದು ಕುಳಿತವನು ನಾನು. ಮೋಟಾರು ನಡೆಸಿ ನನಗೆ ಗೊತ್ತಿರಲಿಲ್ಲ. ಎತ್ತುಗಳು ಹೋದತ್ತ ಮುಂದಿನ ಗಾಲಿ ಹೊರಳಿಸುವುದಷ್ಟೇ ಕೆಲಸ. ಯಮನಪ್ಪ ಎತ್ತುಗಳ ಪಕ್ಕ ನಡೆಯುತ್ತಿದ್ದ, ವಾಮನರಾಯರು ಹಿಂದಿನಿಂದ. ದಾರಿಯುದ್ದಕ್ಕೂ ಜನ ನಿಂತು ನೋಡಿ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಹುನಗುಂದ ದಾಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಎರಡೂ ಕಡೆ ಎರೆಹೊಲ, ಎದೆಯೆತ್ತರದ ಬಿಳಿಜೋಳ, ನಡುವೆ ನೇರ ದಾರಿ.

ಮುಸ್ಸಂಜೆಯಲ್ಲಿ, ಎಡಕ್ಕೆ ಒಂದು ಗಾಡಿದಾರಿ ಒಡೆಯುವಲ್ಲಿ, ನನ್ನ ಕೈಯೊಳಗಿನ ಚಕ್ರ ಎಡಕ್ಕೆ ತಿರುಗಿತು.

ಕಲ್ಲಿಗೆ ಗಾಲಿ ತಾಗಿದರೆ ಚಕ್ರ ಜಗ್ಗುತ್ತದೆ. ಬೆಳಗಿನಿಂದ ಅದು ನನಗೆ ರೂಢಿಯಾಗಿತ್ತು. ಇದು ಹಾಗಿರಲಿಲ್ಲ. ಬರಹ ಕಲಿಯುವ ಮಗುವಿನ ಕೈಮೇಲೆ ದೊಡ್ಡವರು ಕೈಯಿಟ್ಟು ಅಕ್ಷರ ತಿದ್ದಿಸುವಂತೆ, ಮೆಲ್ಲಗೆ, ಒಂದೇ ಸಮನೆ ತಿರುಗಿತು. ನಾನು ಬಲಕ್ಕೆ ಎಳೆದೆ. ಎಷ್ಟು ಬಲ ಹಾಕಿದರೂ ಬಗ್ಗಲಿಲ್ಲ. ಗಾಡಿ ಎಡಕ್ಕೆ ಸರಿದು ಹಗ್ಗ ಓರೆಯಾಯಿತು, ಎತ್ತುಗಳು ತಡವರಿಸಿ ಅತ್ತಲೇ ಹೆಜ್ಜೆ ಹಾಕಿದವು.

"ಎಲ್ಲಿ ಹೊಂಟೀರಿ ಮಾಸ್ತರ್ರ?" ಎಂದು ವಾಮನರಾಯರು ಹಿಂದಿನಿಂದ ಕೂಗಿದರು.

"ನಾ ತಿರುಗಿಸಿಲ್ರಿ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

ಯಮನಪ್ಪ ಹಗ್ಗ ಜಗ್ಗಿದರೂ ಎತ್ತುಗಳು ನಿಲ್ಲಲಿಲ್ಲ. ಜೋಳದ ನಡುವೆ ಆ ಇಕ್ಕಟ್ಟಿನ ದಾರಿಯಲ್ಲಿ ಗಾಡಿ ಇನ್ನೆರಡು ತಿರುವು ತಿರುಗಿತು. ಎರಡು ಕಡೆಯೂ ಎತ್ತುಗಳಿಗಿಂತ ಮೊದಲು ನನ್ನ ಕೈಯಲ್ಲಿ ಚಕ್ರ ತಿರುಗಿತು. ಇದೊಂದು ಮಾತನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಆ ದಾರಿಯನ್ನು ಹಿಂದೆಂದೂ ಕಂಡವನಲ್ಲ. ಪಕ್ಕದ ಸೀಟಿನತ್ತ ನೋಡಲು ನನಗೆ ಧೈರ್ಯವಾಗಲಿಲ್ಲ.

ಹೊಲದ ತುದಿಯಲ್ಲಿ ಒಂದು ಮಣ್ಣಿನ ಮನೆ. ಮುಂದೆ ಒಬ್ಬ ಮುದುಕ ಕಂದೀಲು ಹಿಡಿದು ನಿಂತಿದ್ದ. ಅವನ ಮುಂದೆ ಗಾಡಿ ನಿಂತಿತು, ಎತ್ತುಗಳೂ ನಿಂತವು. ಚಕ್ರ ನನ್ನ ಕೈಯಲ್ಲಿ ಸಡಿಲವಾಯಿತು.

ಅವನು ಕಂದೀಲು ಎತ್ತಿ ನನ್ನ ಮುಖ ನೋಡಿದ. ಆಮೇಲೆ ಗಾಡಿಯನ್ನು ಉದ್ದಕ್ಕೂ ನೋಡಿದ.

"ಇಲಕಲ್ ಡಾಕ್ಟರ್ ಸಾಹೇಬ್ರ ಗಾಡಿ ಅಲ್ಲೇನ್ರಿ ಇದು?"

ಹೌದೆಂದೆ. ನಾನು ಅವರ ಅಳಿಯನೆಂದೂ, ಗಾಡಿ ಮಾರಿದೆವೆಂದೂ, ದಾರಿ ತಪ್ಪಿ ಬಂದೆವೆಂದೂ ಹೇಳಿದೆ. ಅವನ ಹೆಸರು ಸಂಗಪ್ಪ. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳಿದ.

ಅವನ ಹೆಂಡತಿಗೆ ಹೆರಿಗೆಯ ಬೇನೆ ಬಂದು ಕೂಸು ಅಡ್ಡವಾಗಿತ್ತು. ಸಂಗಪ್ಪನ ತಮ್ಮ ಕುದುರೆ ಹತ್ತಿ ಇಲಕಲ್ಲಿಗೆ ಹೋದ. "ಸಾಹೇಬ್ರು ಅಂದ್ರಂತ, ನೀ ಮುಂದ ನಡಿ, ನಾ ಹಿಂದ ಮೋಟಾರ್ ತಗೊಂಡು ಬಂದೆ ಅಂತ. ತಮ್ಮ ಬಂದು ಹೇಳಿದ. ಆಕಿಗೂ ಹೇಳಿದ್ವಿ. ಹಾರ್ನ್ ಕೇಳಿತೇನು, ಹಾರ್ನ್ ಕೇಳಿತೇನು ಅಂತ ರಾತ್ರಿಪೂರ್ತಿ ಅದನ್ನ ಕೇಳಿದ್ಲು. ಬೆಳಗಾಗೂದ್ರಾಗ ಹೋದ್ಲು. ಕೂಸೂ ಉಳೀಲಿಲ್ಲ."

"ಸಾಹೇಬ್ರು ತೀರಿಕೊಂಡದ್ದು ನಿಮಗ ಗೊತ್ತಾಗಲಿಲ್ಲೇನು?" ಎಂದು ಕೇಳಿದೆ.

"ಮರದಿನ ಸಂತಿಯಾಗ ಗೊತ್ತಾತು. ಅಮ್ಮಾರಿಗೆ ಹೋಗಿ ಏನ್ ಹೇಳೂದ್ರಿ? ಅವರ ಮನ್ಯಾಗೂ ಹೆಣ, ನಮ್ಮ ಮನ್ಯಾಗೂ ಹೆಣ."

ವಾಮನರಾಯರು, ಈ ಹೊತ್ತಿನಲ್ಲಿ ಕಂದೀಲು ಹಿಡಿದು ದಾರಿಯಲ್ಲಿ ಯಾಕೆ ನಿಂತಿದ್ದಿ ಎಂದು ಅವನನ್ನು ಕೇಳಿದರು.

"ಹಾರ್ನ್ ಕೇಳಿತಲ್ರಿ," ಎಂದ ಸಂಗಪ್ಪ. "ಸಾಹೇಬ್ರು ಇಲ್ಲ ಅನ್ನೂದು ನನಗ ಗೊತ್ತಿಲ್ಲೇನು? ಖರೆ, ಕಾಲು ಕೇಳಲಿಲ್ಲ. ಎದ್ದು ಬಂದುಬಿಟ್ಟೆ."

ನಾನೂ ವಾಮನರಾಯರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮಗೆ ಏನೂ ಕೇಳಿಸಿರಲಿಲ್ಲ. ಅವನ ಮನೆಯವರನ್ನು ವಿಚಾರಿಸಿದೆ. ಒಳಗಿದ್ದ ತಮ್ಮನಿಗೂ ತಮ್ಮನ ಹೆಂಡತಿಗೂ ಏನೂ ಕೇಳಿಸಿರಲಿಲ್ಲ. ವಾಮನರಾಯರು ಎದ್ದು ಹೋಗಿ ಸೀಟಿನ ಕೆಳಗಿನ ಗೋಣಿಚೀಲ ಬಿಚ್ಚಿ ನೋಡಿದರು. ಹಾರ್ನು ತಾವು ಸುತ್ತಿಟ್ಟ ಹಾಗೆಯೇ ಇತ್ತು, ರಬ್ಬರಿಲ್ಲದ ಬರಿಯ ಹಿತ್ತಾಳೆ.

ಆ ರಾತ್ರಿ ಅಲ್ಲೇ ತಂಗಿದೆವು. ನನಗೆ ನಿದ್ದೆ ಬರಲಿಲ್ಲ. ಸಂಗಪ್ಪ ಗಾಡಿಯ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕುಳಿತಿದ್ದ. ಅಳುತ್ತಿರಲಿಲ್ಲ. ಬಂದ ನೆಂಟರ ಎದುರು ಮಾತು ತೋಚದೆ ಕುಳಿತವನಂತೆ ಕಾಣುತ್ತಿದ್ದ.

ಬೆಳಿಗ್ಗೆ ವಾಮನರಾಯರು ಗಾಡಿಯ ಕೆಳಗೆ ಮಲಗಿ ಚಕ್ರದ ಪ್ರತಿಯೊಂದು ಕೀಲನ್ನೂ ಪರೀಕ್ಷಿಸಿದರು. ಎಲ್ಲೂ ಹಿಡಿತವಿರಲಿಲ್ಲ. ಹೊರಟಾಗ ಚಕ್ರ ಬೆರಳಿಗೆ ತಿರುಗುತ್ತಿತ್ತು. ದಾರಿಯಲ್ಲಿ ಅವರು ಒಂದೇ ಮಾತಾಡಿದರು: "ಎತ್ತಿಗೆ ನೀರಿನ ವಾಸನಿ ಬಂದಿರಬೇಕು ಮಾಸ್ತರ್ರ. ಆ ಮನಿ ಹಿಂದ ಬಾವಿ ಅದ." ನಾನು ಹೂಂ ಎಂದೆ. ಆ ಮಾತನ್ನು ನಂಬಿ ಹೇಳಿದರೋ, ನನಗಾಗಿ ಹೇಳಿದರೋ ಗೊತ್ತಾಗಲಿಲ್ಲ.

ಇದನ್ನು ಅತ್ತೆಗೆ ಹೇಳಬೇಕೋ ಬೇಡವೋ ಎಂದು ಕೆಲವು ದಿನ ಒದ್ದಾಡಿದೆ. ಅವರು ಇಷ್ಟು ವರ್ಷ ಹೆದರಿದ್ದು ನಿಜವಾಗಿತ್ತು. ನಿಜವಾಗಿದ್ದು ಇನ್ನೂ ಕೆಟ್ಟದ್ದಾಗಿತ್ತು. ಕೊನೆಗೆ ಇಲಕಲ್ಲಿಗೆ ಹೋಗಿ ಎಲ್ಲ ಹೇಳಿದೆ. ಗಾಡಿ ಹೇಗೆ ಅಲ್ಲಿಗೆ ಹೋಯಿತೆಂದು ಅವರು ಕೇಳಲಿಲ್ಲ.

"ಆಕಿ ಹೆಸರೇನಿತ್ತು?" ಎಂದರು.

ನಾನು ಕೇಳಿಕೊಂಡು ಬಂದಿರಲಿಲ್ಲ. ಮರುದಿನವೇ ಅತ್ತೆ ನನ್ನನ್ನು ಕರೆದುಕೊಂಡು ಹೊರಟರು. ಹುನಗುಂದದವರೆಗೆ ಬಸ್ಸು, ಮುಂದೆ ಬಾಡಿಗೆಯ ಚಕ್ಕಡಿ. ಸಂಗಪ್ಪ ಹೊಲದಿಂದ ಬಂದು, ಯಾರೆಂದು ತಿಳಿದ ಮೇಲೆ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ. ಹೆಂಡತಿಯ ಹೆಸರು ನೀಲವ್ವ ಎಂದ. ಅತ್ತೆ ಅವನ ಮುಖವನ್ನೇ ನೋಡುತ್ತ ಹೇಳಿದರು:

"ಅವರು ಹೊಂಟಿದ್ರು ಯಪ್ಪಾ. ಕೋಟ್ ಹಾಕ್ಕೊಂಡಿದ್ರು, ಗಾಡಿ ಚಾಲೂ ಮಾಡಿದ್ರು. ಬರಬಾರದಂತ ಕುಂತಿರಲಿಲ್ಲ."

"ಗೊತ್ರಿ ಅವ್ವಾರ," ಎಂದ ಸಂಗಪ್ಪ. "ಮೊನ್ನಿ ಬಂದಿದ್ರಲ್ಲ."

ಇಬ್ಬರೂ ಕಟ್ಟೆಯ ಎರಡು ತುದಿಗಳಲ್ಲಿ ಬಿಸಿಲೇರುವವರೆಗೆ ಕುಳಿತಿದ್ದರು.

ಮುಂದೆ ವಾಮನರಾಯರು ಆ ಗಾಡಿಯನ್ನು ಓಡುವಂತೆ ಮಾಡಿದರು. ಒಂದೆರಡು ಸಲ ಬಾದಾಮಿಯವರೆಗೆ ನನ್ನನ್ನೂ ಕೂರಿಸಿಕೊಂಡು ಹೋದರು. ಎಲ್ಲ ಮೋಟಾರುಗಳ ಹಾಗೆ ಅದೂ ಒಂದು ಮೋಟಾರು. ಎತ್ತುಗಳು ನೀರಿಗೆ ತಿರುಗಿರಬಹುದು. ಕಾದು ಕಾದು ಬೇಸತ್ತ ಕಿವಿಗೆ ಇಲ್ಲದ ಸದ್ದು ಕೇಳಿರಬಹುದು. ಎರಡಕ್ಕೂ ನನ್ನಲ್ಲಿ ಉತ್ತರವಿದೆ. ಆದರೆ ಎತ್ತುಗಳಿಗಿಂತ ಮೊದಲೇ ಚಕ್ರ ತಿರುಗಿದ್ದಕ್ಕೆ ಇಲ್ಲ.

ಸಂಗಪ್ಪನ ಊರಿನಿಂದ ಮರಳುವಾಗ ಅತ್ತೆಗೆ ಸಮಾಧಾನವಾಗಲೆಂದು, "ಕಡೀಕ ಮಾವ ಅಲ್ಲಿ ಮುಟ್ಟಿದ್ರು ಅಂತ ತಿಳಿ ಅತ್ತಿ," ಎಂದೆ. ವಿಜ್ಞಾನದ ಮಾಸ್ತರನ ಬಾಯಿಂದ ಬಂದ ಮಾತು. ಅವರು ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಮುಟ್ಟಿದ್ರ ಏನಾತಪಾ," ಎಂದರು. "ನೀಲವ್ವ ಉಳದ್ಲೇನು?"