ದಡವಿಲ್ಲದ ಕೆರೆಯ ನಕ್ಷೆ

ಪಾವ್ಲಾ ಲೋವ್ಕೊ ಬಾಯಿ ಮುಚ್ಚಿಕೊಂಡು ಕೂರಬಲ್ಲಳು ಎಂದು ಯಾರಾದರೂ ಹೇಳಿದ್ದರೆ, ಹೋದ ಶರತ್ಕಾಲದವರೆಗೆ ನಾನು ಖಂಡಿತ ನಂಬುತ್ತಿರಲಿಲ್ಲ. ಅವಳು ಕೋಳಿಗಳ ಜೊತೆ ಮಾತಾಡುತ್ತಾಳೆ, ಹೊರಟುಹೋದ ಬಸ್ಸಿನ ಜೊತೆ ಮಾತಾಡುತ್ತಾಳೆ. ಇಗರ್ಜಿಯಲ್ಲಿ ಪಾದ್ರಿಗಳು ಉಪದೇಶದ ನಡುವೆ ಉಸಿರು ತೆಗೆದುಕೊಂಡರೆ ಆ ಸಂದಿಯಲ್ಲೂ ಒಂದು ಮಾತು ತೂರಿಸುತ್ತಾಳೆ. ಹಲ್ಲಿನ ಡಾಕ್ಟರು ಅವಳ ಬಾಯೊಳಗೆ ಕೈ ಇಟ್ಟಿದ್ದಾಗಲೂ ತನ್ನ ತಂಗಿಯ ಮದುವೆಯ ಕಥೆ ಮುಗಿಸಿಯೇ ಬಂದಳಂತೆ.

ಅವಳೂ ನಾನೂ ಹುಟ್ಟಿದ್ದು ಓತೊಕ್‌ ಎಂಬ ಊರಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ. ಕೆರೆ ತುಂಬಿದಾಗ ನಮ್ಮ ಊರು ನಡುಗಡ್ಡೆ. ಕೆರೆ ಹೋದಾಗ ಮಾಮೂಲಿ ಊರು. ಹೋದಾಗ ಎಂದರೆ ಹೋದಾಗಲೇ. ಬೇಸಿಗೆಯಲ್ಲಿ ನೀರೆಲ್ಲ ತಳದ ಬಿಲಗಳೊಳಗೆ ಇಳಿದುಹೋಗುತ್ತದೆ, ನಾವು ಅದೇ ಜಾಗದಲ್ಲಿ ಹುಲ್ಲು ಕೊಯ್ಯುತ್ತೇವೆ. ಶರತ್ಕಾಲದ ಮಳೆಗೆ ಮತ್ತೆ ಬರುತ್ತದೆ, ಅದೇ ಜಾಗದಲ್ಲಿ ಮೀನು ಹಿಡಿಯುತ್ತೇವೆ. ಚಿಕ್ಕವರಿದ್ದಾಗ ಶಾಲೆಗೆ ಒಮ್ಮೆ ದೋಣಿಯಲ್ಲಿ, ಒಮ್ಮೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ದೋಣಿಯೊಳಗೆ ಸೈಕಲ್‌ ಹಾಕಿಕೊಂಡು ಹೊರಟ ದಿನಗಳೂ ಇವೆ, ಏಕೆಂದರೆ ಬೆಳಿಗ್ಗೆ ಇದ್ದ ನೀರು ಸಂಜೆಗೆ ಎಲ್ಲಿರುತ್ತದೋ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಓದು ಮುಗಿದ ಮೇಲೆ ಪಾವ್ಲಾ ಪೇಟೆಯ ಪೀಠೋಪಕರಣದ ಕಾರ್ಖಾನೆ ಸೇರಿದಳು. ಅಲ್ಲಿ ಅವಳ ಕೆಲಸ ಬೀರುಗಳ ಬೆನ್ನಿನ ಹಲಗೆ ಉಜ್ಜುವುದು. ಬೀರುವಿನ ಬಾಗಿಲಿಗೆ ಮೆರುಗು ಹಚ್ಚುವವರು ಬೇರೆ, ಹಿಡಿಕೆ ಕೂರಿಸುವವರು ಬೇರೆ. ಇವಳಿಗೆ ಬಂದದ್ದು ಬೆನ್ನು. ನಿವೃತ್ತಿಯಾಗುವವರೆಗೂ ಬೆನ್ನೇ. "ನಾನು ಮಾಡಿದ್ದೆಲ್ಲ ದೇಶದ ತುಂಬ ಗೋಡೆ ನೋಡ್ಕೊಂಡು ನಿಂತಿದೆ ಕಣೋ" ಎಂದು ನಗುತ್ತಿದ್ದಳು. ಒಂದು ಗುಟ್ಟನ್ನೂ ಹೇಳಿದ್ದಳು. ಮೇಸ್ತ್ರಿ ಆಚೆ ಹೋದಾಗ ಆ ಹಲಗೆಗಳ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಬಾತುಕೋಳಿಯನ್ನೋ ದೋಣಿಯನ್ನೋ ಬರೆದುಬಿಡುತ್ತಿದ್ದಳಂತೆ. ಯಾರ ಯಾರ ಮಲಗುವ ಕೋಣೆಯಲ್ಲಿ ಅವಳ ಬಾತುಕೋಳಿಗಳು ಸುಣ್ಣ ನೋಡುತ್ತಾ ಕೂತಿವೆಯೋ ದೇವರಿಗೇ ಗೊತ್ತು.

ಈಗ ನಮ್ಮ ಆಟದ ವಿಷಯ. ಶುಕ್ರವಾರ ಸಂಜೆ ಊರಿನ ಅಗ್ನಿಶಾಮಕ ಸಂಘದ ಮಹಡಿಯಲ್ಲಿ ನಾವು ಸೇರುತ್ತೇವೆ. ನಮ್ಮ ಸಂಘದಲ್ಲಿ ಪದಕಗಳು ರಾಶಿ, ಬೆಂಕಿ ಕಡಿಮೆ, ಹಾಗಾಗಿ ಮಹಡಿ ಯಾವಾಗಲೂ ಖಾಲಿ. ಆಟವೆಂದರೆ ಇಷ್ಟೇ: ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಮಂತ್ರವಾದಿ, ಕಳ್ಳ ಹೀಗೆ ಏನಾದರೊಂದು ಆಗಿ ಆ ಕಥೆಯೊಳಗೆ ನುಗ್ಗುತ್ತಾರೆ. ಬದುಕುವುದೋ ಸಾಯುವುದೋ ದಾಳ ಹೇಳುತ್ತದೆ. ಕಥೆ ನಡೆಸುವವನು ಗೊರಾಜ್ದ್‌, ನಮ್ಮ ಬೇಕರಿಯವನು. ದೂರದ ಮೂರಾ ನದಿಯ ಬಯಲಿನಿಂದ ಇಲ್ಲಿಗೆ ಮನೆಅಳಿಯನಾಗಿ ಬಂದ. ಹಿಟ್ಟು ತೂಗುವ ಹಾಗೆಯೇ ನಿಯಮಗಳನ್ನೂ ತೂಗುತ್ತಾನೆ. ಮಂತ್ರವಾದಿ ತಿಂಕಾರಾ, ಆರೋಗ್ಯ ಕೇಂದ್ರದಲ್ಲಿ ಊರಿನ ಮಂಡಿ, ಸೊಂಟ ನೆಟ್ಟಗೆ ಮಾಡುವ ಹುಡುಗಿ, ರಾಜಧಾನಿಯವಳು. ಕಳ್ಳ ನಾನು. ಹೊರಗೆ ಗರಗಸದ ಯಂತ್ರ ರಿಪೇರಿ ಮಾಡುವ ಆಲ್ಬಿನ್‌, ಒಳಗೆ ಕತ್ತಲೆಗೆ ಹೆದರುವ ಕಳ್ಳ.

ಪಾವ್ಲಾ ಆಡುತ್ತಿರಲಿಲ್ಲ. ಮಹಡಿಯ ಕೀಲಿ ಅವಳ ಹತ್ತಿರ ಇದ್ದದ್ದರಿಂದ ಬರುತ್ತಿದ್ದಳು, ಒಲೆಯ ಪಕ್ಕ ಕೂತು ಕಾಲುಚೀಲ ಹೆಣೆಯುತ್ತಾ ನಮ್ಮ ಯುದ್ಧಗಳಿಗೆಲ್ಲ ತಪ್ಪು ಹುಡುಕುತ್ತಿದ್ದಳು. ಆಡು ಬಾ ಎಂದರೆ, "ಒಬ್ಬ ಪಾವ್ಲಾ ಆಗಿ ಬದುಕಿದ್ದೇ ಸಾಕಾಗಿದೆ, ಇನ್ನೊಬ್ಬಳನ್ನ ಯಾರು ಹೊತ್ಕೊಳ್ತಾರೆ?" ಎನ್ನುತ್ತಿದ್ದಳು.

ಹಳೆಯ ಕಥೆ ಮುಗಿದು, ಚಳಿಗಾಲಕ್ಕೆ ಹೊಸ ಲೋಕವೊಂದು ಬೇಕಾಯಿತು. ಗೊರಾಜ್ದ್‌ ಎಲ್ಲಿಂದಲೋ ಅಚ್ಚು ಹಾಕಿದ ನಕ್ಷೆ ತರಿಸಿದ. ಹೊಳೆಯುವ ಹಾಳೆ, ಗರಗಸದ ಹಲ್ಲಿನಂಥ ಬೆಟ್ಟಗಳು, ಹೆಸರು ಹೇಳಿದರೆ ನಾಲಿಗೆ ಗಂಟು ಬೀಳುವ ಕೋಟೆಗಳು. ಪಾವ್ಲಾ ಕನ್ನಡಕ ಏರಿಸಿ ನೋಡಿದಳು.

"ಇಷ್ಟು ದೊಡ್ಡ ದೇಶದಲ್ಲಿ ಒಬ್ರೂ ಬಟ್ಟೆ ಒಣಗಿಸಲ್ವೇನೋ?"

"ಇದು ಮಾಯಾಲೋಕ ಪಾವ್ಲಾ" ಎಂದ ಗೊರಾಜ್ದ್‌.

"ಮಾಯಾಲೋಕದವರು ಒದ್ದೆ ಬಟ್ಟೆ ಹಾಕ್ಕೋತಾರಾ? ಇದಕ್ಕಿಂತ ಚೆನ್ನಾಗಿ ನಾನೇ ಬರೀತೀನಿ."

"ಬರೀರಿ. ನಾನು ಬೇಡ ಅನ್ನಲ್ಲ. ಆದ್ರೆ ಮೌನದ ಸುತ್ತು ಎಲ್ರಿಗೂ ಒಂದೇ. ಆಮೇಲೆ ನನ್ನನ್ನ ಬೈಬಾರ್ದು."

ಮೌನದ ಸುತ್ತು ಗೊರಾಜ್ದ್‌ ತಂದ ಪದ್ಧತಿ. ಯಾರೇ ನಕ್ಷೆ ಬರೆದು ತಂದರೂ ಮೇಜಿನ ಮೇಲೆ ಹರಡಿ ಸುಮ್ಮನೆ ಕೂರಬೇಕು. ಉಳಿದವರು ತಮ್ಮ ತಮ್ಮ ಕಾಯಿ ಇಟ್ಟು ನಕ್ಷೆಯ ಮೇಲೆ ನಡೆಯುತ್ತಾ, ಏನು ಕಾಣುತ್ತದೆ, ಏನು ಅರ್ಥವಾಗಲಿಲ್ಲ ಎಂದು ಗಟ್ಟಿಯಾಗಿ ಹೇಳುತ್ತಾರೆ. ಎಲ್ಲರೂ ಕಾಫಿ ಕುಡಿದು ಬಟ್ಟಲು ಮಗುಚಿಡುವವರೆಗೆ ಬರೆದವರು ತುಟಿ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ನಕ್ಷೆ ವಾಪಸ್‌. "ದಾರಿಯಲ್ಲಿ ಸಿಗೋ ನಕ್ಷೆ ಜೊತೆ ಬರೆದವನು ಬಂದು ವಿವರಿಸಲ್ಲ" ಎನ್ನುವುದು ಅವನ ವಾದ. ಪಾವ್ಲಾಳಿಗೆ ಇದಕ್ಕಿಂತ ಕಠಿಣ ಶಿಕ್ಷೆಯನ್ನು ಯಾವ ನ್ಯಾಯಾಧೀಶನೂ ವಿಧಿಸಲಾರ.

ಅವಳು ಬರೆದದ್ದು ಕಾಗದದ ಮೇಲಲ್ಲ. ಕಾರ್ಖಾನೆಯಿಂದ ಮನೆಗೆ ತಂದಿಟ್ಟಿದ್ದ ಬೀರುವಿನ ಬೆನ್ನಿನ ಹಲಗೆಯ ಮೇಲೆ. ಆಕ್ರೋಟಿನ ಸಿಪ್ಪೆ ಕುದಿಸಿ ಶಾಯಿ ಮಾಡಿಕೊಂಡಿದ್ದಳು. ಹೊತ್ತು ತರಲು ನನ್ನನ್ನೇ ಕರೆದಳು. ಮೆಟ್ಟಿಲ ಅರ್ಧದಲ್ಲಿ ನಿಂತು, ತಮಾಷೆಯ ಸುಳಿವೂ ಇಲ್ಲದ ದನಿಯಲ್ಲಿ ಹೇಳಿದಳು:

"ಆಲ್ಬಿನ್‌, ಒಂದೇ ಒಂದು ಹಲಗೆ ಮುಖ ಮೇಲಾಗಿ ಇರ್ಲಿ ಅಂತ ಆಸೆ ಕಣೋ. ಒಂದು ಚಳಿಗಾಲ ಸಾಕು."

"ಮೊದ್ಲು ಮೆಟ್ಲು ಹತ್ತು. ನನ್ನ ಸೊಂಟ ಮುರಿದ್ರೆ ತಿಂಕಾರಾಗೆ ಕೆಲಸ ಜಾಸ್ತಿ" ಎಂದೆ. ಅಂದೆನೇ ಹೊರತು ಹಲಗೆಯ ಭಾರವನ್ನೆಲ್ಲ ನನ್ನ ಕಡೆಗೇ ಎಳೆದುಕೊಂಡೆ.

ಹಲಗೆ ಮೇಜಿನ ಮೇಲೆ ಕೂತಿತು. ಗೊರಾಜ್ದ್‌ ಅಚ್ಚಿನ ನಕ್ಷೆಯನ್ನು ಸುರುಳಿ ಸುತ್ತಿ ಪಕ್ಕದಲ್ಲೇ ಇಟ್ಟುಕೊಂಡ. ಪಾವ್ಲಾ ಒಲೆಯ ಬಳಿ ತನ್ನ ಕುರ್ಚಿಯಲ್ಲಿ ಹೆಣಿಗೆ ಹಿಡಿದಳು. ತಾನೇ ಮಾಡಿ ತಂದಿದ್ದ ಆಕ್ರೋಟಿನ ಸುರುಳಿ ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು. ನಮಗೆಂದು ತಂದದ್ದು ಅದು. ಆ ಸಂಜೆ ನಮಗೆ ಒಂದು ಚೂರೂ ಸಿಗಲಿಲ್ಲ. ಮಾತು ಗಂಟಲಿಗೆ ಬಂದಾಗಲೆಲ್ಲ ಅವಳು ಒಂದು ತುಂಡನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ತಿಂಕಾರಾ ಮೊದಲು ತನ್ನ ಕೋಟಿನ ಗುಂಡಿಯೊಂದನ್ನು ಇಟ್ಟು ಹೊರಟಳು. "ಅಯ್ಯೋ, ಮಾಟಗಾತಿಯರ ಬೆಟ್ಟದಲ್ಲಿ ಬಟ್ಟೆ ಒಣಗಿಸಿದಾರೆ! ಪೊರಕೆಗಳನ್ನೂ ಹಗ್ಗಕ್ಕೆ ನೇತು ಹಾಕಿದಾರೆ. ಇದು ನಂಗೆ ತುಂಬಾ ಇಷ್ಟ. ಸೇತುವೆ ಚೆನ್ನಾಗಿದೆ. ಈ ಕಾಡಿನ ಹೆಸರು ಮಾತ್ರ ಓದಕ್ಕಾಗ್ತಿಲ್ಲ, ಅಕ್ಷರ ಇರುವೆ ಥರ ಇದೆ."

ಪಾವ್ಲಾ ಒಂದು ತುಂಡು ತಿಂದಳು.

ಆಮೇಲೆ ಗುಂಡಿ ಕೆರೆಗೆ ಬಂತು. ನಕ್ಷೆಯ ನಟ್ಟನಡುವೆ, ಎಲ್ಲ ದಾರಿಗಳೂ ಬಂದು ಸೇರುವಲ್ಲಿ, ಪಾವ್ಲಾ ಕೆರೆ ಬರೆದಿದ್ದಳು. ಅಲೆಗಳ ನಡುವೆ ಹುಲ್ಲು ಒಣಗಿಸುವ ಅಟ್ಟ. ಅಟ್ಟದ ಕೆಳಗೆ ಬಾಯಿ ತೆರೆದ ದೊಡ್ಡ ಮೀನು. ಹುಲ್ಲಿನ ಮೆದೆಗೆ ಕಟ್ಟಿದ ದೋಣಿ, ದೋಣಿಯೊಳಗೆ ಒಂದು ಸೈಕಲ್ಲು. ಅದರಾಚೆಗೆ ಒಂದು ಪುಟ್ಟ ಊರು.

ತಿಂಕಾರಾಳ ಬೆರಳು ನಿಂತಿತು. "ನಾನೀಗ ನೀರಲ್ಲಿದೀನಾ, ಹುಲ್ಲಲ್ಲಿದೀನಾ? ತೇತಾ..." ಪಾವ್ಲಾಳನ್ನು ಅವಳು ತೇತಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. "ತೇತಾ, ದಡ ಎಲ್ಲಿ?"

"ಅವರನ್ನ ಕೇಳ್ಬೇಡ. ನಕ್ಷೇನ ಕೇಳು" ಎಂದ ಗೊರಾಜ್ದ್‌. ತನ್ನ ಹುರುಳಿಕಾಳನ್ನು ಇಟ್ಟು ಕೆರೆಯ ಸುತ್ತ ಒಂದು ಸುತ್ತು ಹಾಕಿದ, ಹಾಕಲು ನೋಡಿದ. ಸುತ್ತು ಎಲ್ಲಿ ಹಾಕಬೇಕೆಂದೇ ಅವನಿಗೆ ತಿಳಿಯಲಿಲ್ಲ. "ದಡ ಇಲ್ಲ. ಬರೆಯೋದು ಮರೆತಿದಾರೆ. ದೋಣಿ ಬೇಕೋ ಕುದುರೆ ಬೇಕೋ ಗೊತ್ತಾಗ್ದೆ ಆಡೋದು ಹೇಗೆ?"

ನನಗೆ ರೇಗಿತು. ಇಷ್ಟು ಸ್ಪಷ್ಟವಾಗಿರುವುದು ಕಾಣುವುದಿಲ್ಲವೇ ಇವರಿಗೆ! ನನ್ನ ಕಾಯಿ ಒಂದು ಕಬ್ಬಿಣದ ನಟ್ಟು. ಅದನ್ನು ಸರಸರನೆ ಕೆರೆಗೆ ಇಳಿಸಿದೆ. "ನೋಡಿ, ಇಲ್ಲಿ ದೋಣಿ ಹತ್ತಿದೆ. ಹೋದೆ, ಹೋದೆ. ಇಲ್ಲಿ ಮೆದೆ ಹತ್ರ ಇಳಿದೆ. ಸೈಕಲ್‌ ತಗೊಂಡು ಆ ಊರಿಗೆ ಹೋದೆ. ಏನು ಕಷ್ಟ?"

"ಮಧ್ಯದಲ್ಲಿ ಯಾಕೆ ಇಳಿದ್ರಿ?" ತಿಂಕಾರಾ ಕೇಳಿದಳು.

"ಯಾಕೆ ಅಂದ್ರೆ? ಆಗಸ್ಟ್‌ ಬಂತಲ್ಲ."

"ನಕ್ಷೇಲಿ ಆಗಸ್ಟ್‌ ಎಲ್ಲಿದೆ?"

ಬಗ್ಗಿ ಹುಡುಕಿದೆ. ಎಲ್ಲೂ ಇರಲಿಲ್ಲ. ಆಗಸ್ಟ್‌ ಇದ್ದದ್ದು ನನ್ನ ತಲೆಯಲ್ಲಿ, ಪಾವ್ಲಾಳ ತಲೆಯಲ್ಲಿ. ಓತೊಕ್‌ನಲ್ಲಿ ಹುಟ್ಟಿದವರಿಗೆ ಕೆರೆ ಬರುತ್ತದೆ ಹೋಗುತ್ತದೆ ಎಂದು ಬರೆಯಬೇಕೆಂದೇ ಹೊಳೆಯುವುದಿಲ್ಲ.

ಗೊರಾಜ್ದ್‌ ವ್ಯಂಗ್ಯವಿಲ್ಲದೆ, ಮೆಲ್ಲಗೆ ಹೇಳಿದ: "ಆಲ್ಬಿನ್‌, ನಿಮಗೆ ಈ ನಕ್ಷೆ ಬೇಕಾಗಿಯೇ ಇಲ್ಲ. ದಾರಿ ಗೊತ್ತಿಲ್ಲದ ನನ್ನಂಥವನಿಗೆ ತಾನೇ ನಕ್ಷೆ ಬೇಕಾಗೋದು? ಇಷ್ಟು ವರ್ಷ ಆಯ್ತು ನಾನಿಲ್ಲಿಗೆ ಬಂದು. ಈಗಲೂ ಬೆಳಿಗ್ಗೆ ರೊಟ್ಟಿ ಹಂಚಕ್ಕೆ ಹೊರಟ್ರೆ ಯಾವ ರಸ್ತೆ ನೀರಲ್ಲಿದೆ ಅಂತ ಹೆಂಡತೀನೇ ಹೇಳ್ಬೇಕು."

ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಕೆಟ್ಟದೆನಿಸಿತು. ಪಾವ್ಲಾಳ ಕಡೆ ನೋಡಿದೆ. ಹೆಣಿಗೆಯ ಕಡ್ಡಿಗಳು ನಿಂತಿದ್ದವು. ಮುಖ ಕೆಂಪಾಗಿತ್ತು. ಒಂದೇ ಉಸಿರಿನಲ್ಲಿ ಎಲ್ಲವನ್ನೂ ವಿವರಿಸಬಲ್ಲವಳು, ಮಾತೆಲ್ಲ ತುದಿ ನಾಲಿಗೆಗೆ ಬಂದು ನಿಂತಿರುವುದು ನನಗೆ ಕಾಣುತ್ತಿತ್ತು. ಬಾಯಿ ಬಿಟ್ಟರೆ ಹಲಗೆ ಮತ್ತೆ ಮನೆಗೆ, ಗೋಡೆಗೆ. ಅವಳು ಕೊನೆಯ ತುಂಡನ್ನೂ ಬಾಯಿಗೆ ಹಾಕಿಕೊಂಡಳು. ಮಡಿಲಲ್ಲಿ ಇನ್ನು ಪುಡಿ ಮಾತ್ರ ಉಳಿದಿತ್ತು.

ಗೊರಾಜ್ದ್‌ ಬಟ್ಟಲು ಮಗುಚಿಟ್ಟು ಅಚ್ಚಿನ ನಕ್ಷೆಯ ಸುರುಳಿಗೆ ಕೈ ಹಾಕಿದ. ತಿಂಕಾರಾ ಮಗುಚಿಟ್ಟಳು. ನನ್ನ ಬಟ್ಟಲಿನಲ್ಲಿ ತಣ್ಣಗಾದ ಗಸಿ ಮಾತ್ರ ಇತ್ತು. ಅದನ್ನೇ ಚೂರು ಚೂರು ಕುಡಿದೆ, ಎಷ್ಟು ಎಳೆಯಬಹುದೋ ಅಷ್ಟು ಎಳೆದೆ. ಕೊನೆಗೆ ವಿಧಿಯಿಲ್ಲದೆ ಮಗುಚಿಟ್ಟೆ.

"ಈಗ ಮಾತಾಡಿ ಪಾವ್ಲಾ" ಎಂದ ಗೊರಾಜ್ದ್‌. ನಾವು ಮೂವರೂ ಕಿವಿ ಮುಚ್ಚಿಕೊಳ್ಳಲು ಸಿದ್ಧರಾದೆವು.

ಪಾವ್ಲಾ ಮಾತಾಡಲಿಲ್ಲ. ಎದ್ದು ಮೇಜಿನ ಬಳಿ ಬಂದಳು. ಹಿಮ್ಮಡಿಯವರೆಗೆ ಹೆಣೆದಿದ್ದ ನೀಲಿ ಕಾಲುಚೀಲದಿಂದ ಕಡ್ಡಿಗಳನ್ನು ಎಳೆದು ಹಾಕಿ, ಸರ್ರನೆ ಬಿಚ್ಚತೊಡಗಿದಳು. ಆ ಕಾಲುಚೀಲ ನನಗೆಂದು ಹೆಣೆಯುತ್ತಿದ್ದದ್ದು, ಅದು ಬೇರೆ ಮಾತು. ಬಿಚ್ಚಿದ ದಾರವನ್ನು ನಕ್ಷೆಯ ಮೇಲೆ ಅಗಲವಾಗಿ ಸುತ್ತಿಟ್ಟಳು. ಅಟ್ಟ, ಮೆದೆಗಳೆಲ್ಲ ದಾರದೊಳಗೆ ಬಂದವು. ಊರಿನ ಸುತ್ತಲೂ ಒಂದು ಸುತ್ತು ಹಾಕಿದಳು, ಊರು ನಡುಗಡ್ಡೆಯಾಯಿತು.

"ನವೆಂಬರ್‌" ಎಂದಳು.

ಆಮೇಲೆ ಎರಡು ಕೈಗಳಿಂದ ದಾರವನ್ನು ಒಳಗೆ ಒಳಗೆ ತಳ್ಳುತ್ತಾ ಬಂದಳು, ಕೆರೆ ಒಂದು ತಟ್ಟೆಯಷ್ಟಾಯಿತು, ಬಟ್ಟಲಷ್ಟಾಯಿತು. ಮೀನು ಹುಲ್ಲಿನ ಮೇಲೆ ಬಿತ್ತು. ದೋಣಿ ಮೆದೆಗೆ ಒರಗಿ ನಿಂತಿತು.

"ಆಗಸ್ಟ್‌."

ಗೊರಾಜ್ದ್‌ನ ಹುರುಳಿಕಾಳು ಕೆರೆಯ ಒಣ ತಳದ ಮೇಲಿತ್ತು. ಅವನು ಅದನ್ನೇ ದಿಟ್ಟಿಸಿದ. ಸುರುಳಿಯ ಮೇಲಿದ್ದ ಕೈ ಮೆಲ್ಲಗೆ ಈಚೆ ಬಂತು.

"ಒಂದು ಸೈನ್ಯ ಇಲ್ಲಿ ಗುಡಾರ ಹಾಕಿ ಮಲಗಿದ್ರೆ..."

"ಮಳೆ ಬಂದ್ರೆ ಗುಡಾರದ ಸಮೇತ ಮೀನಿನ ಪಾಲು" ಎಂದೆ ನಾನು.

"ಓಡಿಹೋಗೋರು ದೋಣೀಲಿ ಇದ್ದು, ನೀರೇ ಹೋಗ್ಬಿಟ್ರೆ?" ತಿಂಕಾರಾ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು.

"ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಯಾರು ತೀರ್ಮಾನ ಮಾಡೋದು?" ಗೊರಾಜ್ದ್‌ನ ಕಣ್ಣು ಹೊಳೆಯುತ್ತಿತ್ತು. "ನಾನಾ? ದಾಳಾನಾ?"

ಪಾವ್ಲಾ ಒಲೆಯ ಬಳಿಯಿದ್ದ ತನ್ನ ಕುರ್ಚಿಯನ್ನು ದರದರನೆ ಎಳೆದು ತಂದು ಮೇಜಿಗೆ ಹಾಕಿಕೊಂಡು ಕೂತಳು.

"ನಾನು" ಎಂದಳು.

ಹೀಗೆ ಈ ಚಳಿಗಾಲ ನಮ್ಮ ಆಟದಲ್ಲಿ ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಂದು ಕೆರೆ. ಕಾಡಿನ ಹೆಸರನ್ನು ಪಾವ್ಲಾ ದೊಡ್ಡ ಅಕ್ಷರದಲ್ಲಿ ಬರೆದಳು. ಅಚ್ಚಿನ ನಕ್ಷೆಯನ್ನು ಗೊರಾಜ್ದ್‌ ಬೇಕರಿಗೆ ಒಯ್ದ, ಈಗ ಅದರ ಮೇಲೆ ಹಿಟ್ಟು ಲಟ್ಟಿಸುತ್ತಾನೆ, ಹಾಳೆ ಒಳ್ಳೆಯ ನುಣುಪಾಗಿದೆಯಂತೆ. ನನಗೆ ಕಾಲುಚೀಲ ಇನ್ನೂ ಬಂದಿಲ್ಲ.

ಶುಕ್ರವಾರ ಬಂತೆಂದರೆ ಪಾವ್ಲಾ ಮೆಟ್ಟಿಲ ತುಂಬ ಮಾತಾಡುತ್ತಾ ಬರುತ್ತಾಳೆ, ಮೇಜಿಗೆ ಕೂತ ಕೂಡಲೇ ತುಟಿ ಹೊಲಿದುಕೊಳ್ಳುತ್ತಾಳೆ. ಕೆರೆ ಯಾರಿಗೂ ಕಾರಣ ಹೇಳುವುದಿಲ್ಲವಂತೆ. ಹೋದ ವಾರ ನಾನು ರಾಜನ ಖಜಾನೆಯನ್ನೆಲ್ಲ ದೋಣಿಗೆ ತುಂಬಿಕೊಂಡು ನಡುನೀರಿನಲ್ಲಿದ್ದೆ. ಅವಳು ಒಂದೇ ಬೆರಳಿನಿಂದ ದಾರ ಸರಿಸಿದಳು. ನನ್ನ ನಟ್ಟು ಹುಲ್ಲಿನ ಮೇಲೆ ಕೂತಿತ್ತು, ಸುತ್ತಲೂ ಗೊರಾಜ್ದ್‌ನ ಕುದುರೆ ಸವಾರರು.

"ಪಾವ್ಲಾ! ಪಕ್ಕದ ಮನೆಯವನು ಅನ್ನೋ ಕರುಣೆನಾದ್ರೂ ಬೇಡ್ವೇನೇ?"

ಮಾತಿಲ್ಲ. ಕಣ್ಣು ಮಾತ್ರ ನಗುತ್ತಿತ್ತು. ನಾನು ಸತ್ತೆ.

ಆಟ ಮುಗಿದು ಹಲಗೆ ಎತ್ತಿಡುವುದು ನನ್ನ ಕೆಲಸ. ಸತ್ತ ಕೋಪದಲ್ಲಿ, ಯೋಚಿಸದೆ, ಮೂಲೆಗೆ ಒಯ್ದು ಒರಗಿಸಿದೆ. ಎಲ್ಲರೂ ಹಲಗೆ ಒರಗಿಸುವ ಹಾಗೆ, ಗೀರು ಬೀಳದಿರಲೆಂದು ಮುಖವನ್ನು ಗೋಡೆಯ ಕಡೆಗೆ ಮಾಡಿ.

"ಏಯ್‌ ಆಲ್ಬಿನ್‌!" ಇಡೀ ಸಂಜೆ ಸುಮ್ಮನಿದ್ದ ಕೆರೆ ಹಿಂದಿನಿಂದ ಕೂಗಿತು. "ಮುಖ ಈ ಕಡೆ!"

ನಾನು ತಿರುಗಿಸಿಟ್ಟೆ.