ಗಿರಿಜಾಬಾಯಿಯ ಅಣಬೆ ಬುಟ್ಟಿ

ನಿಜಾಮರ ಕಾಲದಲ್ಲಿ ಔರಾದ ತಾಲೂಕಿನ ಡಾಬಕಾದಲ್ಲಿ ಗಿರಿಜಾಬಾಯಿ ಎಂಬ ಗಟ್ಟಿಗಿತ್ತಿ ಇದ್ದಳು. ಗುಡುಗಿದಾಗ ನೆಲದಿಂದ ಏಳುವ ಅಣಬೆಯನ್ನು ಊರೆಲ್ಲ ಆರಿಸಿ ತಂದರೆ, ಈಕೆ ಅದನ್ನು ಮನೆಯಲ್ಲೇ ಬೆಳೆಸುತ್ತಿದ್ದಳು. ಹಿತ್ತಲಲ್ಲಿ ಕೊಳೆತ ಭತ್ತದ ಹುಲ್ಲಿನೊಳಗೆ ವರ್ಷವರ್ಷವೂ ಒಂದೇ ಬಗೆಯ ಅಣಬೆ ಏಳುವುದನ್ನು ಕಂಡಿದ್ದಳು. ಬಿಳಿ ಎಳೆ ಹತ್ತಿದ ಆ ಹುಲ್ಲನ್ನು ಹೊಸ ಹುಲ್ಲಿನ ನಡುವೆ ಇಟ್ಟು, ಬುಟ್ಟಿಯಲ್ಲಿ ಒತ್ತಿ, ಕತ್ತಲ ಕೋಣೆಯಲ್ಲಿ ನೀರು ಚಿಮುಕಿಸುತ್ತ ಕಾದಳು. ಮೂರು ವರ್ಷ ಬರೀ ಬೂಜು. ಜನ ನಕ್ಕರು. ನಗಲಿ ಬಿಡಿ, ನಾಲ್ಕನೆಯ ವರ್ಷ ಬುಟ್ಟಿ ತುಂಬ ಅಣಬೆ ಮೊಗ್ಗು!

ಭಾಲ್ಕಿಗೆ ಕೊಟ್ಟ ಮಗಳು ಶಾಲುಬಾಯಿ ಬಸುರಿಯಾದಳು. ಸುಡುಸುಡು ವೈಶಾಖದಲ್ಲಿ ಅವಳಿಗೆ ಅಣಬೆ ಪಲ್ಯದ ಬಯಕೆ ಹತ್ತಿತು. ಬೇರೇನೂ ಬಾಯಿಗೆ ಸೇರದು. ಸುದ್ದಿ ಮುಟ್ಟಿದ್ದೇ ತಡ, ಗಿರಿಜಾಬಾಯಿ ಮೊಗ್ಗು ತುಂಬಿದ ಬುಟ್ಟಿಗೆ ಒದ್ದೆ ಅರಿವೆ ಸುತ್ತಿ ಬಂಡಿ ಏರಿದಳು.

ಬುಟ್ಟಿ ನೋಡಿದವಳೇ ಬೀಗತಿ ಸೋನಾಬಾಯಿ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಮಳಿ ಇಲ್ಲ, ಗುಡುಗಿಲ್ಲ, ಹ್ಯಾಂಗ ಬಂತ್ರಿ ಇದು? ವಿಷ ಇದ್ದೀತು. ಮೊದಲ ನೀವು ತಿಂದು ತೋರಸ್ರಿ."

ಗಿರಿಜಾಬಾಯಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಮಗಳಿಗೆ ಕೂಸು ಹುಟ್ಟುವ ತನಕ ತಾಯಿ ಅವಳ ಮನೆಯಲ್ಲಿ ಒಂದು ತುತ್ತೂ ಉಣ್ಣುವಂತಿಲ್ಲ; ಉಂಡರೆ ಕೂಸಿಗೆ ಕೇಡು ಎಂಬ ಅಂಜಿಕೆ. ಬೀಗತಿಗೂ ಅದು ಗೊತ್ತಿತ್ತು. ಒಳಗಿಂದ ಮಗಳ ಬಾಡಿದ ಮುಖ ಇಣುಕಿತು.

"ತಿಂತೇನಿ, ಯಾಕ ತಿನ್ನಂಗಿಲ್ರಿ? ಓಣಿ ನಿಮ್ಮ ಮನಿ ಅಲ್ಲಲ್ರಿ!"

ಹೀಗೆಂದವಳೇ ಗಿರಿಜಾಬಾಯಿ ಓಣಿಯ ಬೇವಿನ ಮರದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿದಳು. ಎದುರು ಮನೆಯ ವಜೀರಬೀ ಕೊಳ್ಳಿ ಕೊಟ್ಟಳು. ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ ಹಾಕಿ ಅರ್ಧ ಬುಟ್ಟಿ ಬೇಯಿಸಿ, ಬುತ್ತಿಯ ರೊಟ್ಟಿಯ ಜೊತೆ ಓಣಿಯವರೆಲ್ಲ ನೋಡುತ್ತಿದ್ದಂತೆ ಗಡದ್ದಾಗಿ ಉಂಡಳು. ಉಂಡು ಅಲ್ಲೇ ಕುಳಿತಳು. ಹೋಗಿ ಬರುವವರು ಬಗ್ಗಿ ಬಗ್ಗಿ ನೋಡಿದರು.

"ಇನ್ನೂ ಜೀವ ಅದರಿ, ನಾಳಿ ಬಂದು ನೋಡ್ರಿ!" ಎಂದು ಒಬ್ಬ ಮುದುಕನನ್ನು ಸಾಗಹಾಕಿದಳು.

ಹೊತ್ತು ಇಳಿಯಿತು. ಸೋನಾಬಾಯಿ ಹೊರಗೆ ಬಂದು ಗಿರಿಜಾಬಾಯಿಯ ಮುಖವನ್ನು ದಿಟ್ಟಿಸಿದಳು. ಆಮೇಲೆ ಸೊಸೆಯ ಕೈ ಹಿಡಿದು ಕರೆತಂದು, ಬೇವಿನ ಕೆಳಗೆ ಮಣೆ ಹಾಕಿ ಕೂರಿಸಿದಳು. ಉಳಿದರ್ಧ ಬುಟ್ಟಿ ಒಲೆ ಏರಿತು. ಎಷ್ಟೋ ದಿನದಿಂದ ಸರಿಯಾಗಿ ಉಣ್ಣದ ಹುಡುಗಿ ಎರಡು ರೊಟ್ಟಿ ಉಂಡು ಇನ್ನೊಂದಕ್ಕೆ ಕೈ ಚಾಚಿದಳು. ತಾಯಿ ಬುತ್ತಿಯನ್ನೇ ಅವಳ ಮುಂದೆ ಸರಿಸಿದಳು.

ಅಷ್ಟರಲ್ಲಿ ಸೋನಾಬಾಯಿ ಓಣಿಯೆಲ್ಲ ಕೇಳುವಂತೆ ಕೂಗಿ ಹೇಳಿದಳು: "ವಜೀರಬೀ, ನೋಡ್ವಾ ಇಲ್ಲಿ! ನಮ್ಮ ಬೀಗತಿ ಕೈಯಾರ ಬೆಳದದ್ದು!"