ಜೋಡಿಯಲ್ಲಿ ಒಂದೇ ಸಾಕ್ಸ್

ಕಳೆದ ವಾರ ಪೊನ್ನಂಪೇಟೆಯಿಂದ ತಂಗಿಯ ಮಗಳು ಏಲಕ್ಕಿ ಕಳಿಸಿದ್ದಳು. ಡಬ್ಬಿ ಸಿಗಲಿಲ್ಲವೇನೋ, ಹಳೆಯ ಹ್ಯಾಂಡ್ ಟವೆಲ್ಲಿನಲ್ಲಿ ಗಂಟು ಕಟ್ಟಿದ್ದಳು. ಏಲಕ್ಕಿಯನ್ನು ಬಾಟಲಿಗೆ ಸುರಿದ ಮೇಲೂ ಟವೆಲ್ಲನ್ನು ಒಗೆಯಲು ಹಾಕಲಿಲ್ಲ. ಆ ವಾಸನೆ ಬೇರೆಯವರಿಗೆ ಪಾಯಸದ್ದು. ನನಗೆ ಕಾನ್ವೆಂಟಿನ ಪಿನಫೋರಿನದು.

ಕೂರ್ಗ್ ಇನ್ನೂ ಪ್ರತ್ಯೇಕ ಸ್ಟೇಟ್ ಆಗಿದ್ದ ಕಾಲ. ನಾನು ಮರ್ಕೇರಾದಲ್ಲಿ, ಅಂದರೆ ಈಗಿನ ಮಡಿಕೇರಿಯಲ್ಲಿ, ಕಾನ್ವೆಂಟಿನಲ್ಲೇ ಉಳಿದು ಓದುವ ಬೋರ್ಡರ್. ಹನ್ನೊಂದೋ ಹನ್ನೆರಡೋ ವಯಸ್ಸು. ಜೂನ್ ಬಂತೆಂದರೆ ಬಟ್ಟೆ ಒಣಗುವುದೇ ನಿಂತುಹೋಗುತ್ತಿತ್ತು. ಡಾರ್ಮಿಟರಿಯ ಉದ್ದಕ್ಕೂ ಹಗ್ಗ, ಹಗ್ಗದ ಮೇಲೆ ನಾಲ್ಕು ದಿನದ ಸಾಕ್ಸು. ಬೆಳಿಗ್ಗೆ ಒದ್ದೆ ಸಾಕ್ಸಿಗೇ ಕಾಲು ತೂರಿಸಿ ಪ್ರಾರ್ಥನೆಗೆ ಚಾಪೆಲ್ಲಿಗೆ ಹೋಗುತ್ತಿದ್ದೆವು. ಅದೊಂದು ಕಷ್ಟ ಎಂದು ಯಾರಿಗೂ ಅನಿಸಿರಲಿಲ್ಲ. ಮಳೆಗಾಲ ಅಂದರೆ ಹಾಗೇ.

ಹಾಗೇ ಇರಬೇಕಾಗಿಲ್ಲ ಎಂದವರು ಒಬ್ಬರೇ. ಊರಾಚೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತಿದ್ದವರು. ಆ ಕೆಲಸ ಬಿಟ್ಟ ಮೇಲೂ ನಾವು ರೈಟರ್ ಎಂದೇ ಕರೆಯುತ್ತಿದ್ದೆವು. ಕೊಡ್ಲಿಪೇಟೆಯ ಜವಳಿ ಅಂಗಡಿಯವರ ಮಗ, ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಆ ಎಸ್ಟೇಟಿನಲ್ಲಿ ಏಲಕ್ಕಿ ಒಣಗಿಸುವ ಶೆಡ್ಡೊಂದಿತ್ತು. ಹೊರಗೆ ಒಲೆ, ಒಳಗೆ ಕಬ್ಬಿಣದ ಕೊಳವೆಗಳಲ್ಲಿ ಬಿಸಿ ಹರಿಯುತ್ತದೆ; ಹೊಗೆ ಒಳಕ್ಕೆ ಬರುವುದಿಲ್ಲ. ಕೊಯ್ಲಿನವರೆಗೆ, ಅಂದರೆ ಮಳೆ ಜೋರಾಗಿರುವ ಅಷ್ಟೂ ದಿನ, ಅದು ಖಾಲಿ ಬಿದ್ದಿರುತ್ತಿತ್ತು. ಅದರಲ್ಲಿ ಮರ್ಕೇರಾದ ಬಟ್ಟೆ ಒಣಗಿಸಿಕೊಡುತ್ತೇನೆ ಎಂದು ಅವರು ಹೊರಟರು. ಎಸ್ಟೇಟಿನ ಯಜಮಾನರು ನಕ್ಕು ಬೀಗದ ಕೈ ಕೊಟ್ಟರಂತೆ. ರೈಟರ ಅಪ್ಪ ನಗಲಿಲ್ಲ. ಊರವರ ಬಟ್ಟೆ ಹೊರುವುದಕ್ಕೆ ನಿನ್ನನ್ನು ಓದಿಸಿದ್ದಾ ಎಂದು ಕೇಳಿ, ಒಂದೇ ಒಂದು ಮಳೆಗಾಲ ಬಿಟ್ಟುಕೊಟ್ಟರು. ಅಷ್ಟರೊಳಗೆ ಖಾಯಂ ಗಿರಾಕಿ ಸಿಗದಿದ್ದರೆ ಊರಿಗೆ ಬಂದು ಅಂಗಡಿಯಲ್ಲಿ ಕೂರಬೇಕು. ಇದನ್ನೆಲ್ಲ ನಮಗೆ ಹೇಳಿದ್ದು ಡಾರ್ಮಿಟರಿ ನೋಡಿಕೊಳ್ಳುತ್ತಿದ್ದ ಮೇಟ್ರನ್. ಮಂಗಳೂರಿನವರು, ಅವರಿಗೆ ತಿಳಿಯದ ಸುದ್ದಿ ಇರಲಿಲ್ಲ.

ಈಗಿನ ಮಕ್ಕಳು ಸ್ಟಾರ್ಟ್‌ಅಪ್, ಕ್ಲೈಂಟ್, ಪಿಚ್ ಅನ್ನುವಾಗ ನನಗೆ ಆ ರೈಟರ ಪಿಚ್ ನೆನಪಾಗುತ್ತದೆ. ಮೊದಮೊದಲು ಮನೆಮನೆಗೆ ಹೋಗಿ ಕೇಳಿದ್ದರು. ಮನೆಯ ಬಟ್ಟೆಯನ್ನು ಗುರುತಿಲ್ಲದವನ ಕೈಗೆ ಯಾರು ಕೊಡುತ್ತಾರೆ? ಬಾಗಿಲು ಹಾಕಿಕೊಂಡರು. ಆಮೇಲೆ ಇಡೀ ಮನೆಯ ಬಟ್ಟೆ ಕೇಳುವುದನ್ನು ಬಿಟ್ಟು, ಸ್ಯಾಂಪಲ್ಲಿಗೆ ಒಂದನ್ನಷ್ಟೇ ಕೇಳತೊಡಗಿದರು. ಬಾಣಂತಿ ಇರುವ ಮನೆಯಲ್ಲಿ ಮಗುವಿನ ಒಂದು ಬಟ್ಟೆ, ಆಫೀಸಿಗೆ ಹೋಗುವವರ ಮನೆಯಲ್ಲಿ ಒಂದು ಸಾಕ್ಸ್. ಒಂದೇ. ನಮ್ಮ ಕಾನ್ವೆಂಟಿಗೂ ಬಂದು, ಕೊಡೆಯಿಂದ ನೀರು ಸುರಿಸುತ್ತಾ, ಹಿಂದಿನ ವೆರಾಂಡದಲ್ಲಿ ನಿಂತು ಅದನ್ನೇ ಕೇಳಿದರು.

"ಒಂದು ಸಾಕ್ಸಾ? ನಮ್ಮಲ್ಲಿ ಒಂಟಿಕಾಲಿನ ಮಕ್ಕಳಿಲ್ಲ ಮಾರಾಯ್ರೆ," ಎಂದರು ಮೇಟ್ರನ್.

"ಅದಕ್ಕೇ ಅಮ್ಮಾವ್ರೇ ಒಂದು ಕೇಳಿದ್ದು. ಎರಡೂ ಒಣಗಿಸಿ ಕೊಟ್ರೆ ನಾಳೆ ಮರ್ತುಬಿಡ್ತೀರಿ. ಒಂದು ಕೊಟ್ರೆ ಇನ್ನೊಂದು ಕಾಲು ನೆನಪು ಮಾಡುತ್ತೆ."

ಹೋಗಿದ್ದು ನನ್ನ ಎಡಗಾಲಿನ ಸಾಕ್ಸ್. ಸಂಜೆಯೊಳಗೆ ಬಿಸ್ಕೆಟ್ ಟಿನ್ನಿನಲ್ಲಿ ಬೆಚ್ಚಗೆ ಮರಳಿತು. ಮರುದಿನ ಚಾಪೆಲ್ಲಿನಲ್ಲಿ ನಾನು ಎಡಗಾಲಿನ ಮೇಲೇ ಭಾರ ಬಿಟ್ಟು ನಿಂತಿದ್ದೆನಂತೆ. ಮೇಟ್ರನ್ ಅದನ್ನು ಗಮನಿಸಿ ನನ್ನನ್ನು ಕೂರಿಸಿ, ಎರಡೂ ಪಾದ ಮುಟ್ಟಿ ನೋಡಿ, ಎದ್ದು ಕಾನ್ವೆಂಟಿನ ಮುಖ್ಯಸ್ಥೆ ಮದರ್ ಹತ್ತಿರ ಹೋದರು. ಮುಂದಿನ ವಾರದಿಂದ ಬೋರ್ಡರುಗಳ ಬಟ್ಟೆಯೆಲ್ಲ ಶೆಡ್ಡಿಗೆ ಹೋಗತೊಡಗಿತು. ಕಾಲರಿನಲ್ಲಿ ಕೆಂಪು ದಾರದಿಂದ ಹೊಲಿದ ನಂಬರಿನ ಪ್ರಕಾರ ಮಡಿಸಿ, ಟ್ರಂಕಿನಲ್ಲಿ ತರುತ್ತಿದ್ದರು. ನಂಬರ್ ಒಮ್ಮೆಯೂ ತಪ್ಪಲಿಲ್ಲ. ಹಾಜರಿ ಬರೆದ ಕೈ ತಾನೇ...

ಆಮೇಲಿನದ್ದು ನನ್ನ ಕಾಗದದ ಕಥೆ. ಪ್ರತಿ ಭಾನುವಾರ ಮನೆಗೆ ಇಂಗ್ಲಿಷಿನಲ್ಲಿ ಲೆಟರ್ ಬರೆಯಬೇಕು, ಸಿಸ್ಟರ್ ಓದಿ ತಿದ್ದುತ್ತಾರೆ. ಒಂದು ಸಲ ನನ್ನ ಬಿಳಿ ಪಿನಫೋರಿಗೆ ಕಂಬಳಿಯ ಕರಿ ಕೂದಲು ಅಂಟಿಕೊಂಡು ಬಂದಿತ್ತು. ಎಸ್ಟೇಟಿನ ಲೈನ್‌ಮನೆಗಳ ಆಳುಗಳ ಕಂಬಳಿಗಳೂ ಅದೇ ಶೆಡ್ಡಿನಲ್ಲಿ ಒಣಗುತ್ತಿದ್ದವು. ಬರೆಯಲು ಬೇರೇನೂ ಇರಲಿಲ್ಲ. ನನ್ನ ಪಿನಫೋರಿಗೆ ಲೈನ್‌ಮನೆಯ ಕಂಬಳಿಯೊಂದಿಗೆ ಸ್ನೇಹವಾಗಿದೆ, ಇಬ್ಬರೂ ಒಂದೇ ಹಗ್ಗದಲ್ಲಿ ಮಲಗುತ್ತಾರೆ ಎಂದು ತಮಾಷೆಗೆ ಬರೆದೆ. ಸಿಸ್ಟರ್ ಮಾರ್ಜಿನ್ನಿನಲ್ಲಿ ವೆರಿ ಗುಡ್ ಎಂದು ಬರೆದರು. ಶ್ರೀಮಂಗಲದಲ್ಲಿದ್ದ ನನ್ನ ತಂದೆಗೆ ನಗು ಬರಲಿಲ್ಲ. ಅವರು ಮದರಿಗೆ ಬರೆದರು, ತಮಗೆ ಪರಿಚಯವಿದ್ದ ಇತರ ಹುಡುಗಿಯರ ತಂದೆಯರಿಗೂ ಹೇಳಿದರು.

ಮದರ್ ರೈಟರನ್ನು ಕರೆಸಿದ ದಿನ ಬೆಲ್ ಹೊಡೆಯುವ ಸರದಿ ನನ್ನದು. ಬಂದವರನ್ನು ಕೂರಿಸುವ ಪಾರ್ಲರಿನ ಹೊರಗೇ ಬೆಲ್ಲು. ಮದರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೇಟ್ರನ್ ಕನ್ನಡದಲ್ಲಿ ಹೇಳುತ್ತಿದ್ದರು. ಕಂಬಳಿಗಳನ್ನು ಬಿಡಬೇಕು, ಇಲ್ಲವೇ ಕಾನ್ವೆಂಟನ್ನು. ಹಲಗೆಯ ಗೋಡೆ ಹಾಕಿಸುತ್ತೇನೆ ಎಂದರು ರೈಟರ್. ಆಗಲಿಲ್ಲ. ದಿನ ಬೇರೆ ಮಾಡುತ್ತೇನೆ ಎಂದರು. ಅದೂ ಆಗಲಿಲ್ಲ. ಪೇರೆಂಟ್ಸ್ ಒಪ್ಪುವುದಿಲ್ಲ ಎಂದು ಮದರ್ ಸಮಾಧಾನವಾಗಿಯೇ ಹೇಳಿದರು, ಒಳ್ಳೆಯವರೇ ಅವರು.

"ಮದರಿಗೆ ಹೇಳಿ ಅಮ್ಮಾವ್ರೇ," ಎಂದರು ರೈಟರ್. "ಬಟ್ಟೆ ಒಣಗುತ್ತೋ ಸುಡುತ್ತೋ ನಂಗೇ ಗೊತ್ತಿರ್ಲಿಲ್ಲ. ಆಗ ಲೈನ್‌ಮನೆಯೋರು ಇರೋ ಒಂದು ಕಂಬ್ಳಿ ತಂದು ಕೊಟ್ರು. ಜೊತೆಗೆ ಒಂದು ಹೊರೆ ಸೌದೆ. ಅವ್ರನ್ನ ಬೇಡ ಅನ್ನೋಕೆ ನಂಗೆ ಬಾಯಿ ಬರೋಲ್ಲ."

ಮೇಟ್ರನ್ ಇದನ್ನು ಇಂಗ್ಲಿಷಿಗೆ ಮಾಡುವಾಗ ಬಹಳ ಚಿಕ್ಕದು ಮಾಡಿದರು. ಹಿ ಸೇಸ್ ನೋ, ಮದರ್.

ಕೊನೆಯ ಟ್ರಂಕನ್ನು ರೈಟರೇ ತಂದಿಟ್ಟು ಹೋದರು. ನಮ್ಮ ಸಾಕ್ಸು ಮತ್ತೆ ಹಗ್ಗದ ಮೇಲೆ ಬಂತು. ಆಗಸ್ಟ್ ಕಳೆಯುವ ಮೊದಲೇ ಅವರು ಅಪ್ಪನ ಅಂಗಡಿ ಸೇರಿದರೆಂದು ಮೇಟ್ರನ್ ಹೇಳಿದರು. ಸೌದೆಯ ಹೊರೆ ಒಲೆ ಉರಿಸುತ್ತದೆ, ಅಪ್ಪನನ್ನು ಒಪ್ಪಿಸುವುದಿಲ್ಲ. ಶೆಡ್ಡು ಏಲಕ್ಕಿಗೇ ಉಳಿಯಿತು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಒಮ್ಮೆ ಕೊಡ್ಲಿಪೇಟೆಯಲ್ಲಿ ಕಾರು ಕೆಟ್ಟು ನಿಂತಿತ್ತು. ಎದುರಿಗೇ ಜವಳಿ ಅಂಗಡಿ. ಒಳಗೆ ಹೋಗಿ ಬ್ಲೌಸ್ ಪೀಸ್ ಕೇಳಿದೆ. ಅಂಗಡಿಯವರೇ ಅಳೆದು ಕತ್ತರಿಸಿದರು, ಮಡಿಸಿದರು. ಆ ಮಡಿಕೆಯಿಂದ ನನಗೆ ಗುರುತು ಸಿಕ್ಕಿತು. ಯಾವ ಕಡೆಯೋರು ಅಮ್ಮಾ ಎಂದು ಕೇಳಿದರು. ಮಡಿಕೇರಿಯಲ್ಲಿ ಓದಿದ್ದು ಎಂದೆ.

"ಹೌದಾ? ನಾನೂ ಅಲ್ಲಿ ಒಂದು ಮಳೆಗಾಲ ಇದ್ದೆ," ಎಂದರು.

ಬಾಕಿಯದನ್ನು ನಾನು ಹೇಳಬೇಕಿತ್ತು. ಆ ಲೆಟರ್ ನನ್ನದು ಎಂದು. ಡ್ರೈವರ್ ಹಾರ್ನ್ ಮಾಡಿದ, ನಾನು ಹೊರಟೆ... ಹಾರ್ನ್ ಮಾಡದಿದ್ದರೂ ಹೇಳುತ್ತಿರಲಿಲ್ಲವೇನೋ.

ಏಲಕ್ಕಿ ಬಂದ ದಿನ ತಂಗಿಯ ಮಗಳಿಗೆ ಫೋನ್ ಮಾಡಿದೆ. ಅವಳ ಗಂಡ ಕೊಡ್ಲಿಪೇಟೆಯ ಕಡೆ ಆಗಾಗ ಹೋಗುತ್ತಾನೆ; ಅವನ ಕೈಗೆ ಫೋನ್ ಕೊಡಿಸಿ ಆ ಅಂಗಡಿಯ ಬಗ್ಗೆ ಕೇಳಿದೆ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ ಆಂಟಿ, ಆ ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು ಎಂದ. ಯಾವ ವರ್ಷ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಯಾಕೆ, ನಿಮಗೆ ಬೇಕಾದವರಾ ಎಂದು ವಿಚಾರಿಸಿದ. ಗಿರಾಕಿಯಾಗಿದ್ದೆ ಎಂದೆ.